ಶ್ರೀನಗರ, ಮನಾಲಿ, ಸ್ಪಿತಿ: ಇಬ್ಬರೇ ಹೊರಟರೆ ಯಾವ ದಾರಿ ಹಿಡಿಯಬೇಕು?

ಮಾರ್ಚ್, ಏಪ್ರಿಲ್ ಬಂತೆಂದರೆ ಸಾಕು, ನಮ್ಮ ಗೆಳೆಯರಲ್ಲಿ ಒಂದಾದರೂ ಜೋಡಿ ಲಡಾಖ್ ಮಾತು ಎತ್ತುತ್ತದೆ. ಇಬ್ಬರೇ ಹೋಗಬೇಕು, ಗಾಡಿಯಲ್ಲೇ ಹೋಗಬೇಕು, ಹಿಮದ ಬೆಟ್ಟವನ್ನೂ ಮರಳುಗಾಡನ್ನೂ ಒಂದೇ ಸಲ ನೋಡಬೇಕು. ಒಳ್ಳೆಯ ಆಸೆ. ಬೆಳಿಗ್ಗೆ ಹಿಮದ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ದಾಟಿ ಸಂಜೆ ಮರಳ ದಿಬ್ಬದ ಮೇಲೆ ನಿಲ್ಲುವುದು ಲಡಾಖ್‌ನ ನುಬ್ರಾ ಕಣಿವೆಯಲ್ಲಿ ನಿಜವಾಗಿಯೂ ಸಾಧ್ಯ. ಆದರೆ ಯಾವ ದಾರಿಯಲ್ಲಿ ಹೋಗುವುದು ಎಂಬಲ್ಲಿಗೆ ಬಂದ ಕೂಡಲೇ ಮಾತು ನಿಂತುಬಿಡುತ್ತದೆ. ಒಬ್ಬರು ಶ್ರೀನಗರ ಅನ್ನುತ್ತಾರೆ, ಇನ್ನೊಬ್ಬರು ಮನಾಲಿ ಅನ್ನುತ್ತಾರೆ. ಮೂರನೆಯವರು ಬಂದು, ಲಡಾಖ್ ಯಾಕೆ, ಹಿಮಾಚಲದ ಸ್ಪಿತಿಗೆ ಹೋಗಿ ಅನ್ನುತ್ತಾರೆ.

ಮೂರೂ ದಾರಿ ಚೆಂದ. ಚೆಂದ ನೋಡಿ ಆರಿಸಲು ಕೂತರೆ ತೀರ್ಮಾನ ಆಗುವುದೇ ಇಲ್ಲ. ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ: ಹೊರಟ ಎರಡನೇ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ದಾರಿ ಆರಿಸಿದ ಹಾಗೆ.

ಮೊದಲು ಎತ್ತರದ ಲೆಕ್ಕ

ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಮುಳ್ಳಯ್ಯನಗಿರಿ. ಅದರ ತುದಿ ಸುಮಾರು 1,930 ಮೀಟರ್. ಮನಾಲಿ ಊರೇ ಅದಕ್ಕಿಂತ ಎತ್ತರದಲ್ಲಿದೆ, ಸುಮಾರು 2,050 ಮೀಟರ್. ಲಡಾಖ್‌ನ ಮುಖ್ಯ ಊರು ಲೇಹ್ 3,500. ಮನಾಲಿ-ಲೇಹ್ ದಾರಿಯ ತಂಗ್ಲಾಂಗ್ ಲಾ (ಲಾ ಅಂದರೆ ಪಾಸ್) 5,300 ದಾಟುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಹತ್ತಿರಹತ್ತಿರ ಅರ್ಧ ಮಾತ್ರ. ನಾವು ಬಯಲುಸೀಮೆ, ಕರಾವಳಿಯಿಂದ ಹೋಗುವವರು. ನಮ್ಮ ಮೈಗೆ ಇದರ ಅಭ್ಯಾಸವೇ ಇಲ್ಲ.

ಎತ್ತರದ ಪಾಸ್ ದಾಟಿ ಕೆಳಗಿಳಿದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ತೊಂದರೆ ಕೊಡುವುದು ಎತ್ತರದಲ್ಲಿ ಮಲಗುವುದು. ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ, ಇಂದು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಎತ್ತರ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಉಳಿಯಬೇಕು. ಈ ಒಂದು ನಿಯಮ ಇಟ್ಟುಕೊಂಡು ಮೂರೂ ದಾರಿ ನೋಡಿ, ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ಶ್ರೀನಗರ-ಲೇಹ್: ಮೆಲ್ಲಗೆ ಏರುವ ದಾರಿ

ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಲೇಹ್‌ಗೆ 420 ಕಿಲೋಮೀಟರ್ ಚಿಲ್ಲರೆ. ನಡುವೆ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಉಳಿಯುವುದು ಎಲ್ಲರ ರೂಢಿ. ಕಾರ್ಗಿಲ್ 2,700ರ ಆಸುಪಾಸು. ಅಂದರೆ ಮೊದಲ ರಾತ್ರಿ ಶ್ರೀನಗರ, ಎರಡನೆಯದು ಕಾರ್ಗಿಲ್, ಮೂರನೆಯದು ಲೇಹ್. ಕಾರ್ಗಿಲ್‌ನಿಂದ ಲೇಹ್‌ಗೆ ಏರಿಕೆ 800 ಮೀಟರ್ ಆಗುತ್ತದೆ, ನಿಯಮಕ್ಕಿಂತ ಸ್ವಲ್ಪ ಜಾಸ್ತಿಯೇ. ಆದರೂ ಲೇಹ್ ಮುಟ್ಟುವ ಎರಡು ದಾರಿಯಲ್ಲಿ ಮೈಗೆ ಹಿತವಾದದ್ದು ಇದೇ. ಲೇಹ್‌ನಲ್ಲಿ ಎರಡು ರಾತ್ರಿ ಸುಮ್ನೆ ಇದ್ದರೆ ಸರಿಹೋಗುತ್ತದೆ. ದಿನ ಇದ್ದವರು ಕಾರ್ಗಿಲ್ ಆದಮೇಲೆ ಲಾಮಾಯೂರು ಅಥವಾ ಆಲ್ಚಿ ಹತ್ತಿರ ಇನ್ನೊಂದು ರಾತ್ರಿ ಸೇರಿಸಬಹುದು. ಆಲ್ಚಿಯ ಹಳೆಯ ಗುಡಿಯೊಳಗಿನ ಗೋಡೆ ಚಿತ್ರಗಳನ್ನು ಅವಸರವಿಲ್ಲದೆ ನೋಡಲು ಅದೇ ಸರಿಯಾದ ಕ್ರಮ.

ದಾರಿಯ ಸೊಗಸು ಅದು ಬದಲಾಗುವ ರೀತಿಯಲ್ಲಿದೆ. ಸೋನಾಮಾರ್ಗ್‌ವರೆಗೆ ಹಸಿರೋ ಹಸಿರು. ಸೋನಾಮಾರ್ಗ್ ಸುರಂಗ 2025ರ ಜನವರಿಯಲ್ಲಿ ತೆರೆದ ಮೇಲೆ ಆ ಭಾಗ ಸಲೀಸಾಗಿದೆ. ಆಮೇಲೆ ಜೋಜಿ ಲಾ. ಎತ್ತರ 3,500 ಮೀಟರ್ ಅಷ್ಟೇ, ಆದರೆ ಈ ದಾರಿಯಲ್ಲಿ ಕೈ ಬೆವರುವುದು ಇಲ್ಲೇ. ಒಂದು ಬದಿ ಕಡಿದಾದ ಬೆಟ್ಟ, ಇನ್ನೊಂದು ಬದಿ ಪ್ರಪಾತ, ಎದುರಿಗೆ ಲಾರಿಗಳ ಸಾಲು. ಮಳೆ ಬಿದ್ದರೆ ಕೆಸರು. ಚಾರ್ಮಾಡಿ ಘಾಟಿಯಲ್ಲಿ ಓಡಿಸಿದವರಿಗೆ ತಿರುವು ಹೊಸದಲ್ಲ, ಆದರೆ ಇಲ್ಲಿ ತಡೆಗೋಡೆ ಇರುತ್ತದೆ ಎಂದು ನಂಬಬೇಡಿ. ಗಾಡಿಗಳನ್ನು ಹೊತ್ತಿನ ಪ್ರಕಾರ ಒಂದೇ ಕಡೆಗೆ ಬಿಡುವ ಪದ್ಧತಿ ಇದೆ, ಹಾಗಾಗಿ ಹಿಂದಿನ ದಿನವೇ ಸಮಯ ವಿಚಾರಿಸಿಕೊಳ್ಳಿ.

ಪಾಸ್ ಇಳಿದು ದ್ರಾಸ್ ಕಡೆ ಹೋಗುತ್ತಾ ಮರಗಳು ಮಾಯವಾಗುತ್ತವೆ. ಮೋಡಗಳನ್ನೆಲ್ಲ ಬೆಟ್ಟ ಆಚೆ ಕಡೆಯೇ ತಡೆದುಬಿಡುತ್ತದೆ, ಈಚೆಗೆ ಮಳೆ ಇಲ್ಲ. ಹಸಿರು ಹೋಗಿ ಕಂದು, ಕಂದು ಹೋಗಿ ಹಳದಿ, ಲಾಮಾಯೂರು ಹತ್ತಿರ ಮೇಣ ಕರಗಿ ಹೆಪ್ಪುಗಟ್ಟಿದಂಥ ಮಣ್ಣಿನ ಗುಡ್ಡಗಳು. ಬೆಟ್ಟದ ನಾಡು ಮರಳುಗಾಡಿನ ನಾಡಾಗುವುದನ್ನು ಹೆಜ್ಜೆಹೆಜ್ಜೆಗೂ ನೋಡಬೇಕೆಂದರೆ ಈ ದಾರಿಗೇ ಬರಬೇಕು.

ದ್ರಾಸ್‌ನಲ್ಲಿ ಕಾರ್ಗಿಲ್ ಯುದ್ಧ ಸ್ಮಾರಕ ರಸ್ತೆ ಬದಿಯಲ್ಲೇ ಇದೆ. ಹತ್ತು ನಿಮಿಷದ ಜಾಗ ಅಂದುಕೊಂಡು ಹೋಗಬೇಡಿ, ಒಂದು ಗಂಟೆ ಇಡಿ. 1999ರಲ್ಲಿ ತೀರಿಹೋದ ಸೈನಿಕರ ಹೆಸರು ಕಲ್ಲಿನ ಗೋಡೆ ಮೇಲೆ ಕೆತ್ತಿದ್ದಾರೆ. ಅದರ ಹಿಂದೆ ನೇರವಾಗಿ ತೋಲೋಲಿಂಗ್ ಬೆಟ್ಟ ನಿಂತಿದೆ. ಮರವಿಲ್ಲ, ಮರೆಯಿಲ್ಲ. ಕೆಳಗೆ ನಿಂತು ಆ ಇಳಿಜಾರು ನೋಡಿದರೆ, ಮೇಲಿನಿಂದ ಗುಂಡು ಬರುತ್ತಿರುವಾಗ ಅದನ್ನು ಹತ್ತುವುದು ಅಂದರೆ ಏನು ಅಂತ ಅರ್ಥವಾಗುತ್ತದೆ. ನಮ್ಮನೆಯವರು ಆ ದಿನ ಕಾರ್ಗಿಲ್ ತಲುಪುವವರೆಗೂ ಸ್ಟೀರಿಂಗ್ ನನಗೇ ಬಿಟ್ಟಿದ್ದರು, ಮಾತೂ ಕಡಿಮೆ.

ಕಾಶ್ಮೀರ ಕಣಿವೆಯ ಭದ್ರತೆಯ ಸುದ್ದಿಯನ್ನು ಮಾತ್ರ ಹೊರಡುವ ವಾರ ತಪ್ಪದೆ ನೋಡಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದಮೇಲೆ ಪ್ರವಾಸಿ ಜಾಗಗಳನ್ನು ಮುಚ್ಚಿದ್ದೂ ಉಂಟು. ಮನೆಯಲ್ಲಿ ಅಪ್ಪ ಅಮ್ಮ ನಿದ್ದೆ ಬಿಡುವಂತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮನಾಲಿ-ಲೇಹ್: ನೋಡಲು ಮೊದಲು, ಹತ್ತಲು ಕೊನೆಗೆ

ಬರೀ ನೋಟಕ್ಕೆ ಅಂಕ ಕೊಡುವುದಾದರೆ ನಾನು ಈ ದಾರಿಗೇ ಕೊಡುತ್ತೇನೆ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತುವ ಕೆಲಸ ತಪ್ಪಿತು, ದೂರ 46 ಕಿಲೋಮೀಟರ್ ಕಡಿಮೆಯಾಯಿತು. ಸುರಂಗದ ಒಂದು ಬಾಯಲ್ಲಿ ದೇವದಾರು ಕಾಡು, ಇನ್ನೊಂದು ಬಾಯಲ್ಲಿ ಲಾಹೌಲ್‌ನ ಒಣ ಬೆಟ್ಟ. ಮುಂದೆ ಬಾರಾಲಾಚಾ ಲಾ, ಸರ್ಚು, 21 ತಿರುವಿನ ಗಾಟಾ ಲೂಪ್ಸ್, ನಕೀ ಲಾ, ಲಾಚುಲುಂಗ್ ಲಾ, ಪಾಂಗ್. ಅದಾದ ಮೇಲೆ ಮೋರೆ ಬಯಲು. ಅಷ್ಟೊತ್ತಿನ ತಿರುವು, ಗುಂಡಿ ಎಲ್ಲ ಮುಗಿದು 4,700 ಮೀಟರ್ ಎತ್ತರದಲ್ಲಿ ಸಮತಟ್ಟಾದ ನೆಲ ತೆರೆದುಕೊಳ್ಳುತ್ತದೆ. ರಸ್ತೆ ನೇರ, ನುಣುಪು, ಸುಮಾರು 40 ಕಿಲೋಮೀಟರ್. ದೂರದಲ್ಲಿ ಚಾಂಗ್‌ಪಾ ಕುರಿಗಾಹಿಗಳ ಗುಡಾರ ಕಂಡರೂ ಕಾಣಬಹುದು.

ತೊಂದರೆ ಎಲ್ಲಿ ಅಂದರೆ ಮಲಗುವ ಜಾಗದಲ್ಲಿ. ಮನಾಲಿ ಬಿಟ್ಟ ಮೊದಲ ರಾತ್ರಿ ಜಿಸ್ಪಾ, 3,200 ಮೀಟರ್. ಅಲ್ಲಿವರೆಗೆ ಸರಿ. ಅಲ್ಲಿಂದ ಲೇಹ್‌ಗೆ ಒಂದೇ ದಿನದಲ್ಲಿ ಹೋಗಬೇಕೆಂದರೆ 330 ಕಿಲೋಮೀಟರ್ ಚಿಲ್ಲರೆ, ನಾಲ್ಕು ಎತ್ತರದ ಪಾಸ್. ಬೆಳಗಿನ ಜಾವ ಹೊರಟು ಕತ್ತಲಾಗುವ ಹೊತ್ತಿಗೆ ಸೇರಬೇಕು. ಆಗದು ಅಂತ ಸರ್ಚುವಿನಲ್ಲಿ ಉಳಿದರೆ ಅದು 4,300 ಮೀಟರ್, ಪಾಂಗ್ 4,600. ಒಂದೇ ದಿನಕ್ಕೆ ಸಾವಿರ ಮೀಟರ್‌ಗಿಂತ ಮೇಲೆ ಏರಿ ಗುಡಾರದಲ್ಲಿ ಮಲಗಿದಂತಾಯಿತು. ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಹುಷಾರು ತಪ್ಪಿದರೆ ತಕ್ಷಣ ಕೆಳಗಿಳಿಯಬೇಕು, ಆದರೆ ಸರ್ಚುವಿನಿಂದ ಯಾವ ಕಡೆ ಹೋದರೂ ಮೊದಲು ಮೇಲೇ ಹತ್ತಬೇಕು. ಇದನ್ನು ಯಾರೂ ಬುಕಿಂಗ್ ಮಾಡುವಾಗ ಹೇಳುವುದಿಲ್ಲ.

ಇದೇ ದಾರಿಯನ್ನು ತಿರುಗಿಸಿ, ಲೇಹ್‌ನಿಂದ ಮನಾಲಿಗೆ ಇಳಿಯುತ್ತಾ ಬಂದರೆ ಕಥೆಯೇ ಬೇರೆ. ಲಡಾಖ್‌ನಲ್ಲಿ ವಾರ ಕಳೆದ ಮೈ ಪಳಗಿರುತ್ತದೆ. ಆಗ ಸರ್ಚು ರಾತ್ರಿಯೂ ಒಂದು ಸುಖ. ಪಾಂಗ್‌ನ ಡೇರೆ ಹೋಟೆಲ್‌ನಲ್ಲಿ ನಿಲ್ಲಿಸಿ ನೋಡಿ. ನಡುವೆ ಒಲೆ, ಸುತ್ತಲೂ ಗೋಡೆಗೆ ತಾಗಿಸಿ ಹಾಸಿದ ಹಾಸಿಗೆ, ಮೂಲೆಯಲ್ಲಿ ಆಳೆತ್ತರಕ್ಕೆ ಪೇರಿಸಿಟ್ಟ ರಜಾಯಿ. ಮ್ಯಾಗಿ, ಆಮ್ಲೆಟ್, ಅನ್ನ-ದಾಲ್, ಕುದಿಕುದಿ ಚಹಾ. ಪಳಗಿದ ಮೈಯಲ್ಲಿ ಹೋದರೆ ಅಲ್ಲಿ ಹೊಟ್ಟೆ ತುಂಬ ಉಣ್ಣಬಹುದು. ಮನಾಲಿಯಿಂದ ಹತ್ತುತ್ತಾ ಹೋದವರಲ್ಲಿ ಎಷ್ಟೋ ಜನ ಅದೇ ಹಾಸಿಗೆ ಮೇಲೆ ತಲೆ ಹಿಡಿದುಕೊಂಡು ಬಿದ್ದಿರುತ್ತಾರೆ.

ನಾಲಾಗಳ ಬಗ್ಗೆಯೂ ಹೇಳಬೇಕು. ಹಿಮ ಕರಗಿದ ನೀರು ರಸ್ತೆ ಮೇಲೇ ಹರಿಯುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟು, ಬಿಸಿಲೇರಿದ ಮೇಲೆ ಮಧ್ಯಾಹ್ನಕ್ಕೆ ಮೊಣಕಾಲು ಮುಳುಗುವಷ್ಟು ಆಗಬಹುದು. ಹಾಗಾಗಿ ಅಲ್ಲಿನ ಚಾಲಕರು ಬೆಳಿಗ್ಗೆ ಬೇಗ ಹೊರಡುತ್ತಾರೆ. ಟಾಂಡಿಯ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸದೆ ಮುಂದೆ ಹೋಗಬೇಡಿ. ಮುಂದಿನ ಬಂಕ್ 365 ಕಿಲೋಮೀಟರ್ ಅಂತ ಅಲ್ಲಿದ್ದ ಬೋರ್ಡ್ ಸುಮ್ಮನೆ ಹೆಸರುವಾಸಿ ಆಗಿದ್ದಲ್ಲ.

ದಾರ್ಚಾದಿಂದ ಶಿಂಕು ಲಾ ದಾಟಿ ಜಾನ್ಸ್ಕಾರ್ ಮೂಲಕ ನಿಮ್ಮುಗೆ ಹೋಗುವ ಇನ್ನೊಂದು ರಸ್ತೆಯೂ ಆಗಿದೆ. ಮೊದಲ ಸಲ ಇಬ್ಬರೇ ಹೋಗುವವರಿಗೆ ಅದು ಬೇಡ. ಊರುಗಳು ಬಹಳ ದೂರ ದೂರ.

ಸ್ಪಿತಿ: ಪಾಸ್‌ಗಿಂತ ಊರು ಇಷ್ಟವಾಗುವವರಿಗೆ

ಲಡಾಖ್ ಸಿಗದಿದ್ದವರು ಹೋಗುವ ಜಾಗ ಸ್ಪಿತಿ ಅನ್ನುವ ಹಾಗೆ ಮಾತಾಡುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಇಬ್ಬರೇ ಹೋಗುವುದಾದರೆ, ಮಾತಾಡಲು ಸಮಯ ಬೇಕೆಂದರೆ, ದಿನವಿಡೀ ಗಾಡಿಯಲ್ಲೇ ಕೂರಲು ಇಷ್ಟವಿಲ್ಲದಿದ್ದರೆ, ಸ್ಪಿತಿಯೇ ಸರಿ.

ಇಲ್ಲಿ ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಶಿಮ್ಲಾ 2,200 ಮೀಟರ್, ಆಮೇಲೆ ಸರಾಹನ್ ಅಥವಾ ಸಾಂಗ್ಲಾ, ಕಲ್ಪಾ ಸುಮಾರು 2,960, ತಾಬೋ 3,280, ಕಾಜಾ ಸುಮಾರು 3,700. ನಡುವೆ ನಾಕೋದಲ್ಲಿ ಉಳಿದರೆ 3,660. ತಾಬೋಗೆ ಇಳಿದು ಮಲಗಿದರೆ ಇನ್ನೂ ಒಳ್ಳೆಯದು. ಬೇರೆ ಯಾವ ದಾರಿಯೂ ಇಷ್ಟು ಸಮಾಧಾನವಾಗಿ ಮೈಯನ್ನು ಪಳಗಿಸುವುದಿಲ್ಲ. ದಿನಕ್ಕೆ ನೂರು, ನೂರೈವತ್ತು ಕಿಲೋಮೀಟರ್ ಓಡಿಸಿದರೆ ಸಾಕು.

ಕಲ್ಪಾದಲ್ಲಿ ಕಿಟಕಿ ತೆಗೆದರೆ ಎದುರಿಗೇ ಕಿನ್ನರ ಕೈಲಾಸ. ಸುತ್ತ ಸೇಬಿನ ತೋಟ. ಸೆಪ್ಟೆಂಬರ್‌ನಲ್ಲಿ ಹೋದರೆ ರಸ್ತೆ ತುಂಬ ಸೇಬಿನ ಪೆಟ್ಟಿಗೆ ಹೊತ್ತ ಪಿಕಪ್‌ಗಳು. ಮುಂದೆ ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್ ಸೇರುತ್ತದೆ. ಸೇತುವೆ ದಾಟಿ ಬಂಡೆ ಕೊರೆದ ರಸ್ತೆಯಲ್ಲಿ ತಿರುಗಿ ತಿರುಗಿ ಮೇಲೇರಿದ ಹಾಗೆ ಕಿನ್ನೌರಿನ ಹಸಿರು ಹಿಂದೆ ಉಳಿದುಬಿಡುತ್ತದೆ.

ತಾಬೋ ಮಠ ಸ್ಥಾಪನೆಯಾದದ್ದು 996ರಲ್ಲಿ. ಹೊರಗಿಂದ ಬರೀ ಮಣ್ಣಿನ ಕಟ್ಟಡ, ಫೋಟೊ ತೆಗೆಯಬೇಕು ಅನ್ನಿಸುವಂಥದ್ದೇನೂ ಇಲ್ಲ. ಒಳಗೆ ಹೋಗಿ ಕಣ್ಣು ಕತ್ತಲಿಗೆ ಹೊಂದುವವರೆಗೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ನಿಧಾನಕ್ಕೆ ಗೋಡೆಯಿಂದ ಹೊರಚಾಚಿದ ಆಳುದ್ದದ ಮಣ್ಣಿನ ಮೂರ್ತಿಗಳು ಕಾಣತೊಡಗುತ್ತವೆ, ಅವುಗಳ ಸುತ್ತ ಚಿತ್ರಗಳು. ಸಾವಿರ ವರ್ಷ ಹಳೆಯ ಬಣ್ಣ ಇನ್ನೂ ಉಳಿದಿದೆ. ಮಳೆ ಕಡಿಮೆ ಇರುವ ನಾಡಾದ್ದರಿಂದಲೇ ಅದು ಉಳಿದದ್ದು. ಒಳಗೆ ಕ್ಯಾಮೆರಾಕ್ಕೆ ಅವಕಾಶ ಇಲ್ಲ, ಅದೂ ಒಳ್ಳೆಯದೇ ಆಯಿತು.

ಕಾಜಾದಲ್ಲಿ ಕನಿಷ್ಠ ಮೂರು ರಾತ್ರಿ ಉಳಿಯಿರಿ. ಕೀ ಮಠ, ಕಿಬ್ಬರ್, ಚಿಚಮ್ ಸೇತುವೆ ಒಂದು ದಿನ. ಲಾಂಗ್ಜಾ, ಹಿಕ್ಕಿಮ್, ಕೋಮಿಕ್ ಇನ್ನೊಂದು ದಿನ. ಹಿಕ್ಕಿಮ್ ಅಂಚೆ ಕಚೇರಿ 4,400 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಊರಿಗೆ ಕಾರ್ಡ್ ಹಾಕಿದರೆ ಮನೆಯವರಿಗೆ ಬಹಳ ಖುಷಿ. ಲಾಂಗ್ಜಾದಲ್ಲಿ ಸಮುದ್ರ ಜೀವಿಗಳ ಪಳೆಯುಳಿಕೆ ಸಿಗುತ್ತದೆ, ಏಕೆಂದರೆ ಹಿಮಾಲಯ ಮೇಲೇಳುವ ಮೊದಲು ಇಲ್ಲಿ ಟೆಥಿಸ್ ಸಮುದ್ರ ಇತ್ತು. ಮಕ್ಕಳು ಮಾರಲು ತಂದರೂ ದಯವಿಟ್ಟು ಕೊಳ್ಳಬೇಡಿ, ಅವು ಅಲ್ಲೇ ಇರಬೇಕಾದ ವಸ್ತು. ಹೋಟೆಲ್‌ಗಿಂತ ಹೋಂಸ್ಟೇ ಹಿಡಿಯಿರಿ. ಒಲೆ ಸುತ್ತ ಕೂತು ಮನೆಯವರ ಜೊತೆ ಥುಕ್ಪಾ (ನೂಡಲ್ಸ್ ಸಾರು) ಉಣ್ಣುವುದು ಲಡಾಖ್‌ನ ಪಾಂಗಾಂಗ್ ಸರೋವರದ ದುಬಾರಿ ಗುಡಾರಗಳಲ್ಲಿ ಸಿಗುವುದಿಲ್ಲ.

ಕಷ್ಟ ಇರುವುದು ಎರಡು ಕಡೆ. ಕಿನ್ನೌರಿನಲ್ಲಿ ಮಳೆಗಾಲಕ್ಕೆ ಗುಡ್ಡ ಕುಸಿಯುತ್ತದೆ, ಕಲ್ಲು ಉರುಳುತ್ತದೆ. ಇನ್ನು ಕಾಜಾದಿಂದ ಕುಂಜುಮ್ ಲಾ ದಾಟಿ ಮನಾಲಿಗೆ ಬರುವಾಗ ಬಾತಲ್‌ನಿಂದ ಗ್ರಾಂಫುವರೆಗಿನ ರಸ್ತೆ. ಅದು ರಸ್ತೆ ಅನ್ನುವುದಕ್ಕಿಂತ ಕಲ್ಲು ಹಾಸಿದ ಹಳ್ಳ. ತಗ್ಗು ಕಾರಿನ ತಳ ತಾಗುವುದು ಇಲ್ಲೇ. ಕಾರು ಚಿಕ್ಕದಿದ್ದರೆ, ಧೈರ್ಯ ಕಡಿಮೆ ಇದ್ದರೆ ಬಂದ ದಾರಿಯಲ್ಲೇ ಶಿಮ್ಲಾಕ್ಕೆ ಮರಳಿ. ಧೈರ್ಯ ಇದ್ದರೆ ಮನಾಲಿ ಕಡೆಗೆ ಇಳಿಯಿರಿ, ನಡುವೆ ಚಂದ್ರತಾಲ್ ಸರೋವರ ಸಿಗುತ್ತದೆ. ಅದು 4,250 ಮೀಟರ್ ಮೇಲೆ, ಕಾಜಾದಲ್ಲಿ ಪಳಗಿದ ಮೇಲೆ ಹೋದರೆ ಚಿಂತೆ ಇಲ್ಲ. ಮನಾಲಿಯಿಂದ ನೇರ ಹತ್ತಿ ಮೊದಲ ರಾತ್ರಿಯೇ ಚಂದ್ರತಾಲ್‌ನಲ್ಲಿ ಮಲಗುವ ಪ್ಯಾಕೇಜ್‌ಗಳಿವೆ. ಎಷ್ಟು ಕಡಿಮೆ ದರವಿದ್ದರೂ ಬೇಡ ಅನ್ನಿ.

ಯಾರ ಗಾಡಿ?

ಹೆಚ್ಚಿನವರು ಕೊನೆಗೆ ಯೋಚಿಸುವ, ಆದರೆ ಮೊದಲೇ ಯೋಚಿಸಬೇಕಾದ ವಿಷಯ ಇದು. ಬೆಂಗಳೂರಿನಿಂದ ಚಂಡೀಗಢವೇ ಸುಮಾರು 2,400 ಕಿಲೋಮೀಟರ್. ಸ್ವಂತ ಕಾರಿನಲ್ಲಿ ಹೋದರೆ ಹೋಗಿಬರಲು ವಾರಕ್ಕಿಂತ ಜಾಸ್ತಿ ರಸ್ತೆಯಲ್ಲೇ ಕಳೆಯುತ್ತದೆ. ತಿಂಗಳ ರಜೆ ಇಲ್ಲದವರು ವಿಮಾನದಲ್ಲಿ ಹೋಗಿ ಅಲ್ಲಿ ಗಾಡಿ ಹಿಡಿಯುವುದೇ ಸರಿ.

ಇಲ್ಲೊಂದು ಮುಖ್ಯ ವ್ಯತ್ಯಾಸ. ಲಡಾಖ್‌ನಲ್ಲಿ ಹೊರಗಿನ ಬಾಡಿಗೆ ಗಾಡಿಯಲ್ಲಿ ನುಬ್ರಾ, ಪಾಂಗಾಂಗ್ ಸುತ್ತಲು ಅಲ್ಲಿನ ಟ್ಯಾಕ್ಸಿ, ಬಾಡಿಗೆ ಬೈಕ್ ಸಂಘಗಳು ಬಿಡುವುದಿಲ್ಲ. ಚಂಡೀಗಢದ ಸೆಲ್ಫ್ ಡ್ರೈವ್ ಕಾರು, ಮನಾಲಿಯ ಬಾಡಿಗೆ ಬೈಕ್, ಶ್ರೀನಗರದ ಟ್ಯಾಕ್ಸಿ ಎಲ್ಲಕ್ಕೂ ಇದೇ ಪಾಡು. ಲೇಹ್ ತಲುಪಿದ ಮೇಲೆ ಅಲ್ಲಿನ ಗಾಡಿಯನ್ನೇ ಹಿಡಿಯಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಈ ತೊಂದರೆ ಇಲ್ಲ, ಆದರೆ ಆರ್‌ಸಿ ನಿಮ್ಮ ಹೆಸರಿನಲ್ಲಿರಲಿ. ಸ್ಪಿತಿಯಲ್ಲಿ ಇಂಥ ತಕರಾರು ಕಡಿಮೆ. ಚಂಡೀಗಢದಲ್ಲಿ ಕಾರು ತೆಗೆದುಕೊಂಡು ಅಲ್ಲೇ ಬಿಡಬಹುದು. ಸ್ವತಃ ಓಡಿಸಲೇಬೇಕು ಅನ್ನುವವರಿಗೆ ಇದೊಂದೇ ಕಾರಣ ಸಾಕು ಸ್ಪಿತಿ ಆರಿಸಲು.

ಇಬ್ಬರಿಗೂ ಡ್ರೈವಿಂಗ್ ಬಂದರೆ ತುಂಬಾ ಒಳ್ಳೆಯದು. ಒಬ್ಬರಿಗೆ ಮಾತ್ರ ಬಂದರೆ ಮನಾಲಿ ದಾರಿಗೆ ಡ್ರೈವರ್ ಇಟ್ಟುಕೊಳ್ಳಿ. ಇಡೀ ದಿನ ಓಡಿಸುವವರಿಗೆ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಪಕ್ಕದವರು "ನೋಡ್ರೀ, ಅಲ್ಲಿ ನೋಡ್ರೀ" ಅನ್ನುತ್ತಿದ್ದರೂ ತಿರುಗಿ ನೋಡುವಂತಿಲ್ಲ.

ಯಾವ ತಿಂಗಳು

ನನ್ನ ಆಯ್ಕೆ ಸೆಪ್ಟೆಂಬರ್. ಮಳೆ ಹಿಂದೆ ಸರಿಯುತ್ತಿರುತ್ತದೆ, ನಾಲಾಗಳಲ್ಲಿ ನೀರು ಇಳಿದಿರುತ್ತದೆ, ಜನ ಕಡಿಮೆ, ಆಕಾಶ ಗಾಢ ನೀಲಿ. ಜೂನ್‌ನಲ್ಲಿ ಪಾಸ್‌ಗಳ ಮೇಲೆ ಹಿಮದ ಗೋಡೆ ನೋಡಬಹುದು, ಆದರೆ ಮನಾಲಿ ದಾರಿ, ಕುಂಜುಮ್ ಎರಡೂ ಯಾವಾಗ ತೆರೆಯುತ್ತವೆ ಅಂತ ಕಾಯಬೇಕು. ಜುಲೈ, ಆಗಸ್ಟ್‌ನಲ್ಲಿ ಲೇಹ್ ಒಣಗಿದ್ದರೂ ಅಲ್ಲಿಗೆ ಹೋಗುವ ಹಿಮಾಚಲದ ದಾರಿ ಒದ್ದೆ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿ ಹೆದ್ದಾರಿಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಗಿತ್ತು. ಆ ಎರಡು ತಿಂಗಳಲ್ಲೇ ಹೋಗಬೇಕಾದರೆ ಶ್ರೀನಗರದ ಕಡೆಯಿಂದ ಹೋಗಿ ಅದೇ ಕಡೆಯಿಂದ ಬನ್ನಿ, ಇಲ್ಲವೇ ಲೇಹ್‌ನಿಂದ ವಿಮಾನ ಹತ್ತಿ. ಆ ಹೊತ್ತಿಗೆ ಕಾರ್ಗಿಲ್ ಕಡೆ ಏಪ್ರಿಕಾಟ್ ಹಣ್ಣಾಗಿರುತ್ತದೆ, ಅದೊಂದು ಲಾಭ.

ನನ್ನನ್ನು ಕೇಳಿದರೆ

ಎಂಟು ಒಂಬತ್ತು ದಿನ ರಜೆ ಇದ್ದರೆ ಶಿಮ್ಲಾ ಕಡೆಯಿಂದ ಸ್ಪಿತಿ, ಬೇರೆ ಯೋಚನೆ ಬೇಡ. ಹನ್ನೆರಡು ದಿನ ಅಥವಾ ಜಾಸ್ತಿ ಇದ್ದರೆ ಶ್ರೀನಗರದಿಂದ ಹತ್ತಿ ಮನಾಲಿಗೆ ಇಳಿಯಿರಿ. ಐದಾರು ದಿನ ಮಾತ್ರ ಇದ್ದರೆ ರಸ್ತೆ ಪ್ರವಾಸದ ಆಸೆ ಈ ಸಲ ಬಿಟ್ಟು ಲೇಹ್‌ಗೆ ವಿಮಾನದಲ್ಲಿ ಹೋಗಿ, ಮೊದಲ ಎರಡು ದಿನ ಹೋಟೆಲ್ ಸುತ್ತಮುತ್ತಲೇ ಇರಿ.

ಲೇಹ್ ಮುಟ್ಟಿದ ಮೇಲೆ ಕ್ರಮ ಹೀಗಿರಲಿ: ಮೊದಲು ನುಬ್ರಾ, ಆಮೇಲೆ ಪಾಂಗಾಂಗ್. ಖಾರ್ದುಂಗ್ ಲಾ 5,359 ಮೀಟರ್ ಇದ್ದರೂ ನುಬ್ರಾದ ಹುಂಡರ್, ಡಿಸ್ಕಿಟ್ ಎರಡೂ ಲೇಹ್‌ಗಿಂತ ಕೆಳಗಿವೆ, 3,100ರ ಸುತ್ತ. ಹತ್ತಿ ಇಳಿದು ಮಲಗಿದಂತಾಗುತ್ತದೆ. ಎರಡು ಡುಬ್ಬದ ಒಂಟೆ, ಮರಳ ದಿಬ್ಬ ಇರುವುದು ಹುಂಡರ್‌ನಲ್ಲಿ. ಒಂದು ದಿನ ಜಾಸ್ತಿ ಇದ್ದರೆ ತುರ್ತುಕ್‌ಗೆ ಹೋಗಿ, 1971ರಲ್ಲಿ ಭಾರತಕ್ಕೆ ಸೇರಿದ ಬಾಲ್ಟಿ ಜನರ ಊರು. ಪಾಂಗಾಂಗ್ ದಡ 4,200ಕ್ಕೂ ಮೇಲೆ, ಅಲ್ಲಿ ಒಂದು ರಾತ್ರಿ ಸಾಕು.

ಎತ್ತರದಲ್ಲಿ ಒಬ್ಬರನ್ನೊಬ್ಬರು ಗಮನಿಸುವುದು ಜೋಡಿಗಳ ದೊಡ್ಡ ಬಲ. ತಲೆನೋವು ಬಂದವರು ಪ್ರವಾಸ ಹಾಳಾಗಬಾರದು ಅಂತ ಸಾಮಾನ್ಯವಾಗಿ ಮುಚ್ಚಿಡುತ್ತಾರೆ. ಯಾವಾಗಲೂ ಮಾತಾಡುವವರು ಸುಮ್ಮನಾದರೆ, ರಾತ್ರಿ ಊಟ ತಳ್ಳಿದರೆ ಕೇಳಿ. ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿ. ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಆ ಕ್ಷಣವೇ ಇಳಿಯಿರಿ. ಎತ್ತರದ ತೊಂದರೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಊರಿನಲ್ಲೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಮರೆಯದೆ ಹೇಳಿ.

ಇನ್ನು ಶೌಚಾಲಯ. ಇದನ್ನು ಯಾರೂ ಬರೆಯುವುದಿಲ್ಲ, ಹೆಂಗಸರಿಗೆ ಇದೇ ದೊಡ್ಡ ಚಿಂತೆ. ಶ್ರೀನಗರ ದಾರಿಯಲ್ಲಿ ಊರುಗಳು ಸಿಗುತ್ತಲೇ ಇರುತ್ತವೆ. ಮನಾಲಿ ದಾರಿಯಲ್ಲಿ ಗಂಟೆಗಟ್ಟಲೆ ಏನೂ ಇಲ್ಲ, ಬಂಡೆಯ ಮರೆಯೇ ಗತಿ. ಹಾಗಂತ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಎತ್ತರದಲ್ಲಿ ಅದು ಅಪಾಯ. ಒಂದು ದೊಡ್ಡ ಶಾಲು, ಟಿಶ್ಯೂ, ಕಸ ವಾಪಸ್ ತರಲು ಒಂದು ಚೀಲ ಇಟ್ಟುಕೊಳ್ಳಿ. ಸ್ಪಿತಿಯ ಹಳ್ಳಿ ಮನೆಗಳಲ್ಲಿ ನೀರು ಹಾಕದ ಒಣ ಶೌಚಾಲಯ ಇರುತ್ತದೆ. ಬಳಸಿದ ಮೇಲೆ ಒಂದು ಸಲಿಕೆ ಮಣ್ಣು ಹಾಕಿದರೆ ಆಯಿತು, ವಾಸನೆ ಇರುವುದಿಲ್ಲ.

ಫೋನ್ ವಿಷಯ ಚಿಕ್ಕದು. ಲಡಾಖ್, ಕಾಶ್ಮೀರದಲ್ಲಿ ಹೊರಗಿನ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ, ಇಬ್ಬರಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಹಿಮಾಚಲದಲ್ಲಿ ಆ ತೊಂದರೆ ಇಲ್ಲ. ಕೈಯಲ್ಲಿ ನಗದು ಇರಲಿ.

ಎರಡು ದಿನ ಉಳಿಸಲು ಆದರೆ ಪಾಂಗಾಂಗ್ ಆದಮೇಲೆ ಹಾನ್ಲೆ ಸೇರಿಸಿ. ಅಲ್ಲಿನ ವೀಕ್ಷಣಾಲಯ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದ್ದು. 4,500 ಮೀಟರ್ ಎತ್ತರದ ಆ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಸುತ್ತಲಿನ ಜಾಗವನ್ನು ಬೆಳಕಿನ ಮಾಲಿನ್ಯ ಆಗದಂತೆ ಕಾಯ್ದಿಟ್ಟಿದ್ದಾರೆ, ರಾತ್ರಿ ಹೆಡ್‌ಲೈಟ್ ಹಾಕಿ ತಿರುಗಬೇಡಿ. ಅಮಾವಾಸ್ಯೆಯ ಹಿಂದೆ ಮುಂದೆ ತಾರೀಕು ಹೊಂದಿಸಿಕೊಳ್ಳಿ, ಹುಣ್ಣಿಮೆಯಲ್ಲಿ ಅಷ್ಟು ದೂರ ಹೋದದ್ದು ದಂಡ. ಹಾನ್ಲೆಯಿಂದ ತ್ಸೋ ಮೊರಿರಿ, ತ್ಸೋ ಕಾರ್ ಸರೋವರಗಳ ಕಡೆಯಿಂದ ಮನಾಲಿ ರಸ್ತೆಗೆ ಸೇರಿಕೊಳ್ಳಬಹುದು, ಮತ್ತೆ ಲೇಹ್‌ಗೆ ಬರಬೇಕಾಗಿಲ್ಲ. ಆದರೆ ಬಂಕ್ ಅಪರೂಪ, ಲೇಹ್ ಬಿಡುವಾಗಲೇ ಎರಡು ಕ್ಯಾನ್ ಇಂಧನ ತುಂಬಿಸಿ ಇಟ್ಟುಕೊಂಡಿರಿ.